ಹೆಸರುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಮಲಗಿದ ಸರ್ವರು

ಒಂದಾನೊಂದು ಊರಿನಲ್ಲಿ, ಅಂದರೆ ಇತ್ತೆಂದು ಯಾರೂ ಆಣೆಯಿಟ್ಟು ಹೇಳದ, ಇರಲಿಲ್ಲವೆಂದು ಯಾರೂ ಎದ್ದು ವಾದಿಸದ ಒಂದು ಊರಿನಲ್ಲಿ, ಒಬ್ಬ ಅರಸನಿದ್ದ. ಬೆಂಕಿಯ ಹತ್ತಿರ ಸರಿದು ನೆಟ್ಟಗೆ ಕುಳಿತುಕೊಳ್ಳಿ. ನಡುವೆ ಮಾತು ಬೇಡ.

ಆ ಅರಸನಿಗೆ ಎಲ್ಲದರ ಮೇಲೂ ಗುಮಾನಿ. ಹಾಲು ಬೆಳ್ಳಗಿದ್ದರೆ, ಇಷ್ಟು ಬೆಳ್ಳಗೇಕಿದೆ ಎಂದು ಗುಮಾನಿ. ಬಾಗಿಲು ಮುಚ್ಚಿದ್ದರೆ ಒಳಗೆ ಯಾರೋ ಇದ್ದಾರೆಂದು ಗುಮಾನಿ. ತೆರೆದಿದ್ದರೆ ಈಗಷ್ಟೇ ಯಾರೋ ಹೊರಗೆ ಹೋದರೆಂದು ಗುಮಾನಿ. ಎಡಗೈಯ ಉಂಗುರವನ್ನು ಅವನು ಸ್ನಾನಕ್ಕೂ ತೆಗೆಯುತ್ತಿರಲಿಲ್ಲ. ತೆಗೆದಿಟ್ಟರೆ ಬಲಗೈ ಅದನ್ನು ಬದಲಾಯಿಸೀತೆಂದು ಅವನ ಅನುಮಾನ.

ಒಂದು ದಿನ ಅವನಿಗೆ ಹೊಳೆಯಿತು: ಪ್ರಜೆಗಳು ರಾತ್ರಿ ತಮ್ಮ ಹೆಸರುಗಳನ್ನು ಅದಲುಬದಲು ಮಾಡಿಕೊಳ್ಳುತ್ತಿದ್ದಾರೆ. ಇಲ್ಲದಿದ್ದರೆ ನಿನ್ನೆ ನಗುತ್ತಿದ್ದವನು ಇಂದು ಏಕೆ ಅಳುತ್ತಾನೆ?

ಕೂಡಲೇ ಅರಮನೆಯ ಪಡಸಾಲೆಯಲ್ಲಿ ಬೀರುವಿನಷ್ಟು ದೊಡ್ಡದೊಂದು ಕಂಪ್ಯೂಟರನ್ನು ಇಡಿಸಿದ. ಅದಕ್ಕೆ ಸರ್ವರು ಎಂದು ಹೆಸರು. ಸಂಜೆ ಎಲ್ಲರೂ ಸಾಲಾಗಿ ಬಂದು ಅದರ ಕಿಟಕಿಯಲ್ಲಿ ತಮ್ಮ ಹೆಸರನ್ನು ಒಪ್ಪಿಸಬೇಕು. ರಾತ್ರಿ ಹೆಸರಿಲ್ಲದೆ ಮಲಗಬೇಕು. ಬೆಳಿಗ್ಗೆ ಬಂದು ಮರಳಿ ಪಡೆಯಬೇಕು. ಒಬ್ಬರದನ್ನು ಇನ್ನೊಬ್ಬರು ಪಡೆಯುವಂತಿಲ್ಲ. ಗಂಡನದನ್ನು ಹೆಂಡತಿ ಪಡೆಯುವಂತಿಲ್ಲ, ಮಗುವಿನದನ್ನು ತಾಯಿ ಪಡೆಯುವಂತಿಲ್ಲ. ಈ ಕಟ್ಟಳೆಯಿಂದ ಅರಸ ತನ್ನನ್ನೂ ಹೊರಗಿಟ್ಟುಕೊಳ್ಳಲಿಲ್ಲ. ತನ್ನ ಮೇಲೂ ಅವನಿಗೆ ಅಷ್ಟೇ ಗುಮಾನಿ.

ಸರ್ವರನ್ನು ನೋಡಿಕೊಳ್ಳಲು ಒಬ್ಬ ಹೆಂಗಸಿದ್ದಳು. ಕತೆ ನಡೆದ ದಿನ ಆಕೆಯ ಹೆಸರು ಸರ್ವರಿನೊಳಗೆ ಸಿಕ್ಕಿಕೊಂಡಿದ್ದುದರಿಂದ ಸದ್ಯಕ್ಕೆ ಅದನ್ನು ಹೇಳಲು ಬಾರದು. ಕಾವಲಮ್ಮ ಎನ್ನೋಣ. ಒಳಗೆ ಸಿಕ್ಕಿಕೊಂಡ ನಿಜವಾದ ಹೆಸರು ಆಕೆಯ ಅಜ್ಜಿಯದು. ಅಜ್ಜಿ ಬಿಟ್ಟುಹೋದದ್ದು ಅದೊಂದನ್ನೇ. ಪ್ರತಿ ಬೆಳಿಗ್ಗೆ ಅದನ್ನು ಪಡೆದ ಮೇಲೆ ಕಾವಲಮ್ಮ ಒಮ್ಮೆ ಮೆಲ್ಲಗೆ ಹೇಳಿ ನೋಡಿಕೊಳ್ಳುತ್ತಿದ್ದಳು, ಎಲ್ಲಿಯೂ ಮುಕ್ಕಾಗಿಲ್ಲವಷ್ಟೆ ಎಂದು.

ಹಿಂದಿನ ಸಂಜೆ ಹೆಸರುಗಳೆಲ್ಲ ಒಳಗೆ ಸೇರಿದ ಮೇಲೆ ಆಕೆ ಸರ್ವರಿಗೆ ಹೊಸ ಫರ್ಮ್‌ವೇರ್ ಹಾಕಿದ್ದಳು. ಫರ್ಮ್‌ವೇರ್ ಎಂದರೆ ಸರ್ವರು ಕಣ್ಣು ಬಿಡುವ ಮೊದಲು ತನಗೆ ತಾನೇ ಒಪ್ಪಿಸಿಕೊಳ್ಳುವ ಪಾಠ: ನಾನು ಯಾರು, ನನ್ನ ಕೈಕಾಲು ಎಲ್ಲಿವೆ, ಎದ್ದ ಮೇಲೆ ಏನು ಮಾಡಬೇಕು. ಪರದೆಯ ಮೇಲೆ ‘ಪಾಠ ಕಲಿಯುತ್ತಿದ್ದೇನೆ, ನನ್ನನ್ನು ಆರಿಸಬೇಡಿ’ ಎಂಬ ಬರಹ ಮೂಡಿತು. ಪಡಸಾಲೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕಾವಲಮ್ಮ ಬಾಗಿಲು ಮುಂದೆ ಮಾಡಿಕೊಂಡು ಊಟಕ್ಕೆ ಹೋದಳು.

ಬೆಳಗಾಯಿತು. ಸರ್ವರು ಆರಿತ್ತು. ಪಾಠ ಮುಗಿಸಿ ತಾನೇ ಮಲಗಿರಬೇಕೆಂದುಕೊಂಡು ಸ್ವಿಚ್ಚು ಒತ್ತಿದಳು. ದೀಪ ಹತ್ತಿತು, ಫ್ಯಾನು ಸುತ್ತಿತು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ಒಳಗಿನಿಂದ ಉದ್ದನೆಯದೊಂದು ಬೀಪ್ ಬಂದಿತು, ಆಮೇಲೆ ನಿಲ್ಲದ ಬಿಕ್ಕಳಿಕೆ.

ಕಿಟಕಿಯ ಮುಂದೆ ಊರಿಗೆ ಊರೇ ಹೆಸರಿಲ್ಲದೆ ನಿಂತಿತ್ತು. ಜಗಳವಾಡಲು ಬಂದವನಿಗೆ ಯಾರೊಡನೆ ಜಗಳವೆಂದು ತಿಳಿಯಲಿಲ್ಲ. ಮದುಮಗಳು ಮದುಮಗನನ್ನು, ಇವನು ನಿನ್ನೆಯವನೇ ಹೌದೇ ಎಂದು ದಿಟ್ಟಿಸಿದಳು. ಅರಸ ಬಂದ. ದ್ವಾರಪಾಲಕ ಅವನನ್ನು ತಡೆದು, ಕಿರೀಟವೇನೋ ಇದೆ, ಹೆಸರೆಲ್ಲಿ ಎಂದು ಕೇಳಿದ. ಮೀಸೆ ತೋರಿಸಿ ಒಳಗೆ ಬರಬೇಕಾಯಿತು. ಬಂದವನೇ ತೀರ್ಪು ಕೊಟ್ಟ.

“ದೀಪ ಹಚ್ಚುವ ಹೊತ್ತಿಗೆ ಇದು ಏಳದಿದ್ದರೆ ನಿನ್ನ ಹೆಸರು ಶಾಶ್ವತವಾಗಿ ಜಪ್ತಿ. ಸಾಯುವವರೆಗೂ ನಿನ್ನನ್ನು ‘ಏಯ್’ ಎಂದೇ ಕರೆಯತಕ್ಕದ್ದು.”

ಕಾವಲಮ್ಮ ಸರ್ವರಿನ ಬಾಗಿಲು ತೆಗೆದು ಒಂದೊಂದನ್ನೇ ಬಿಚ್ಚತೊಡಗಿದಳು. ಯಾವುದನ್ನು ತೆಗೆದಾಗ ಬಿಕ್ಕಳಿಕೆ ನಿಲ್ಲುತ್ತದೋ ಅದೇ ಕಳ್ಳ. ಆಕೆಗೂ ಈಗ ಎಲ್ಲದರ ಮೇಲೂ ಗುಮಾನಿ.

ಮೊದಲು ಪವರ್ ಸಪ್ಲೈಯನ್ನು ವಿಚಾರಿಸಿದಳು. ತಾನು ಕೊಡುವುದನ್ನು ಕೊಟ್ಟಾಗಿದೆ, ತೆಗೆದುಕೊಂಡವರನ್ನು ಕೇಳು ಎಂದಿತು. ಫ್ಯಾನನ್ನು ಕೇಳಿದಳು. ದಿನವಿಡೀ ಸುತ್ತುವವನ ಕಣ್ಣಿಗೆ ಯಾವುದು ತಾನೇ ನಿಂತೀತು ಎಂದಿತು. ರ‍್ಯಾಮ್ ಪಟ್ಟಿಯನ್ನು ಎಳೆದು, ಅದರ ಹೊಂಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ ಕೇಳಿದಳು.

“ನಿನ್ನೆಯೇ? ಯಾವ ನಿನ್ನೆ? ಕರೆಂಟು ಹೋದರೆ ನನಗೆ ಏನೂ ನೆನಪಿರುವುದಿಲ್ಲ ತಾಯಿ. ಅಂದಹಾಗೆ, ನೀನು ಯಾರು?”

ಅದನ್ನು ಹೇಳಲು ಕಾವಲಮ್ಮನಿಗೆ ಸಾಧ್ಯವಿರಲಿಲ್ಲ. ಹಾರ್ಡ್ ಡಿಸ್ಕು ಮಾತ್ರ ಗತ್ತಿನಿಂದ, ಹೆಸರುಗಳೆಲ್ಲ ತನ್ನ ಹೊಟ್ಟೆಯಲ್ಲಿ ಭದ್ರವಾಗಿವೆ, ಆದರೆ ಮದರ್‌ಬೋರ್ಡು ಎದ್ದು ಕೇಳಿದರೆ ಮಾತ್ರ ಕೊಡುವುದು ಎಂದಿತು.

ಬಿಚ್ಚಿದ ಭಾಗಗಳನ್ನು ಯಾರಾದರೂ ಬದಲಾಯಿಸಿಬಿಟ್ಟರೆ? ಅರಸ ಒಂದೊಂದನ್ನೂ ಒಬ್ಬ ಕಾವಲುಗಾರನ ಕೈಗೆ ಕೊಟ್ಟ. ಕಾವಲುಗಾರನೇ ಬದಲಾಯಿಸಿಬಿಟ್ಟರೆ? ಅವನ ಮೇಲೆ ಇನ್ನೊಬ್ಬ ಕಾವಲುಗಾರ. ಅವನ ಮೇಲೆ ಕ್ಷೌರಿಕ. ಕ್ಷೌರಿಕನ ಮೇಲೆ ಅಡುಗೆಯವಳು. ಅಡುಗೆಯವಳ ಮೇಲೆ ಮದುಮಗ. ಮಧ್ಯಾಹ್ನದ ಹೊತ್ತಿಗೆ ಸಾಲಿನಲ್ಲಿ ನಿಂತ ಊರೆಲ್ಲ ಒಬ್ಬರನ್ನೊಬ್ಬರು ಕಾಯುತ್ತಿತ್ತು. ಹಸಿವಾದರೂ ಯಾರೂ ಊಟಕ್ಕೆ ಹೋಗಲಿಲ್ಲ. ಹೋದವನ ಮೇಲೆ ಅನುಮಾನ ಬರುವುದಷ್ಟೆ.

ಕೊನೆಗೆ ಮದರ್‌ಬೋರ್ಡು ಎಂಬ ಹಸಿರು ಹಲಗೆ ಒಂಟಿಯಾಗಿ ಉಳಿಯಿತು. ಬಿಕ್ಕಳಿಕೆ ಮಾತ್ರ ನಿಂತಿರಲಿಲ್ಲ. ಕಾವಲಮ್ಮ ಅದಕ್ಕೆ ಕಿವಿಗೊಟ್ಟಳು.

“ಪಾಠ ಅರ್ಧಕ್ಕೆ ನಿಂತಿದೆ, ತಾಯಿ,” ಎಂದಿತು ಹಲಗೆ. “‘ನಾನು ಯಾರು’ ಎಂಬಲ್ಲಿಯವರೆಗೆ ಕಲಿತಿದ್ದೆ. ಯಾರೋ ಸ್ವಿಚ್ಚು ಒತ್ತಿ ಆರಿಸಿದರು. ಈಗ ಅದೇ ಪ್ರಶ್ನೆಯನ್ನು ಕೇಳಿಕೊಳ್ಳುತ್ತಿದ್ದೇನೆ, ಮುಂದಿನದು ಬರುತ್ತಿಲ್ಲ.”

ತನ್ನ ಮೂಲೆಯ ಇನ್ನೊಂದು ಚಿಪ್‌ನಲ್ಲಿ, ಅಂದರೆ ಪುಟ್ಟ ಕಪ್ಪು ಬಿಲ್ಲೆಯಲ್ಲಿ, ಹಳೆಯ ಪಾಠ ಪೂರ್ತಿಯಾಗಿದೆ ಎಂದೂ ಅದು ಹೇಳಿತು. ಚಿಪ್‌ನ ಪಕ್ಕದಲ್ಲಿ ಎರಡು ಮುಳ್ಳುಗಳಿವೆ. ಅವುಗಳ ಮೇಲೆ ಎಳ್ಳುಕಾಳಿನಷ್ಟು ಸಣ್ಣ ಟೋಪಿಯೊಂದನ್ನು ಇಟ್ಟು ಜೋಡಿಸಿದರೆ ಹಳೆಯ ಪಾಠ ಎಚ್ಚರಗೊಳ್ಳುತ್ತದೆ.

ಒಂದೇ ಮುಳ್ಳಿಗೆ ಸಿಕ್ಕಿಸಿಟ್ಟಿದ್ದ ಆ ಟೋಪಿಯನ್ನು ಕಾವಲಮ್ಮ ಬೆಳಿಗ್ಗೆಯೇ ತೆಗೆದಿದ್ದಳು. ಅದೂ ಯಾವನೋ ಕಾವಲುಗಾರನ ಕೈ ಸೇರಿತ್ತು. ಯಾವನ ಕೈ? ಹೆಸರು ಹಿಡಿದು ಕರೆಯುವಂತಿಲ್ಲ. ಆಕೆ ಕಿಟಕಿಯ ಬಳಿ ನಿಂತು “ಏಯ್” ಎಂದಳು. ಊರಿಗೆ ಊರೇ ತಿರುಗಿ ನೋಡಿತು. ಅಷ್ಟು ಮುಖಗಳಲ್ಲಿ ಒಂದೂ ‘ನಾನು’ ಎನ್ನಲಿಲ್ಲ. ತನಗೆ ಕಾದಿರುವುದು ಎಂಥದೆಂದು ಕಾವಲಮ್ಮನಿಗೆ ಆಗ ಚೆನ್ನಾಗಿ ಅರ್ಥವಾಯಿತು.

ಟೋಪಿ ಯಾರ ಕೈಯಲ್ಲಿ ಸಿಕ್ಕಿತೋ ಅವನೇ ಕಳ್ಳನೆಂದು ಅರಸ ಸಾರಿದ. ಎಲ್ಲರೂ ಮುಷ್ಟಿ ಬಿಗಿದರು. ಫ್ಯಾನನ್ನೂ ಡಿಸ್ಕನ್ನೂ ಮುಷ್ಟಿಯಲ್ಲಿ ಅಡಗಿಸಲು ಬಾರದಾದ್ದರಿಂದ ದೊಡ್ಡ ಭಾಗಗಳೆಲ್ಲ ಮರಳಿ ಬಂದವು. ಟೋಪಿ ಬರಲಿಲ್ಲ. ಹೊರಗೆ ದೀಪ ಹಚ್ಚುವವನು ಆಗಲೇ ಬತ್ತಿ ಹೊಸೆಯುತ್ತಿದ್ದ.

ಅರಸ ಸರ್ವರನ್ನು ಓರೆಗಣ್ಣಿನಿಂದ ನೋಡಿದ. “ನನಗೆ ಮೊದಲಿನಿಂದಲೂ ಇದರ ಮೇಲೆಯೇ ಗುಮಾನಿ. ‘ನನ್ನನ್ನು ಆರಿಸಬೇಡಿ’ ಎಂದು ಬರೆದುಕೊಂಡು ಕೂರುವ ಯಂತ್ರ ಏನನ್ನೋ ಬಚ್ಚಿಡುತ್ತಿದೆ ಎಂದೇ ಅರ್ಥ.”

ಕಾವಲಮ್ಮ ಭಾಗಗಳನ್ನು ಜೋಡಿಸುತ್ತಿದ್ದ ಕೈ ನಿಲ್ಲಿಸಿದಳು.

“ಆ ಬರಹವನ್ನು ನಾನು ಯಾರಿಗೂ ಹೇಳಿಲ್ಲ, ಬುದ್ಧಿ.”

ಅರಸನ ಮೀಸೆಯ ಒಂದು ತುದಿ ಕೆಳಗಿಳಿಯಿತು.

“ಹಾಗೆ ಹೇಳಲು ನೀನು ಯಾರು? ನಿನಗೆ ಹೆಸರೇ ಇಲ್ಲ.”

“ಇಲ್ಲ, ಬುದ್ಧಿ. ತಮಗೂ ಇಲ್ಲ. ಹೆಸರಿಲ್ಲದವರ ಮೇಲೆ ತಪ್ಪು ಹೊರಿಸಲು ಬಾರದು. ಆದರೆ ಸರ್ವರು ಎದ್ದರೆ ಹೆಸರು ಬರುತ್ತದೆ. ಹೆಸರಿನ ಬೆನ್ನಿಗೆ ತಪ್ಪೂ ಬರುತ್ತದೆ.”

ಹಾಗಾದರೆ ಅದು ಮಲಗಿಯೇ ಇರಲಿ ಎಂದ ಅರಸ. ಮಲಗಿಯೇ ಇದ್ದರೆ ದ್ವಾರಪಾಲಕ ನಾಳೆಯೂ ತಡೆಯುತ್ತಾನೆ, ಮೀಸೆ ಇರುವವರು ಊರಿನಲ್ಲಿ ಬಹಳ ಮಂದಿ ಇದ್ದಾರೆ ಎಂದಳು ಕಾವಲಮ್ಮ. ಅರಸ ಯೋಚಿಸಿದ. ಆಕೆ ಇನ್ನೊಂದು ಮಾತು ಸೇರಿಸಿದಳು: ಸರ್ವರನ್ನು ಎಬ್ಬಿಸಿದ ಬೆರಳೇ ಅದನ್ನು ಮಲಗಿಸಿತೆಂದು ಯಾರು ನಂಬುತ್ತಾರೆ? ಮುಳ್ಳುಗಳನ್ನು ಜೋಡಿಸಲು ಬೇಕಾದದ್ದು ಒಂದು ಚೂರು ಲೋಹ. ತಮ್ಮ ಉಂಗುರ ಕೊಟ್ಟರೆ ಸಾಕು.

ಉಂಗುರ ಕೊಡುವುದೇ? ಅದನ್ನು ಅರಸ ಒಪ್ಪುವನೇ? ಅವನು ಸರ್ವರಿನ ಮುಂದೆ ಮಂಡಿಯೂರಿ, ಬೆರಳಿನ ಸಮೇತ ಉಂಗುರವನ್ನು ಒಳಗೆ ತೂರಿಸಿ, ಮುಳ್ಳುಗಳ ಮೇಲೆ ಒತ್ತಿ ಹಿಡಿದ.

ಕಾವಲಮ್ಮ ಸ್ವಿಚ್ಚು ಒತ್ತಿದಳು. ಉದ್ದನೆಯ ಬೀಪ್ ಇಲ್ಲ, ಬಿಕ್ಕಳಿಕೆ ಇಲ್ಲ. ಪುಟ್ಟದಾಗಿ ಒಮ್ಮೆ ಗಂಟಲು ಸರಿಮಾಡಿಕೊಂಡು ಹಲಗೆ ಹಳೆಯ ಪಾಠವನ್ನು ಒಪ್ಪಿಸಿತು. ಪರದೆ ಬೆಳಗಿತು. ಡಿಸ್ಕು ಬಾಯಿಬಿಟ್ಟಿತು. ಹೆಸರುಗಳು ಒಂದೊಂದಾಗಿ ಕಿಟಕಿಗೆ ಬಂದವು, ಜನ ಒಬ್ಬೊಬ್ಬರಾಗಿ ಬಂದು ಪಡೆದರು. ಹೆಸರು ಸಿಕ್ಕ ಕೂಡಲೇ ಜಗಳಗಂಟನಿಗೆ ಜಗಳ ನೆನಪಾಯಿತು. ದೀಪ ಹಚ್ಚುವವನು ಕಡ್ಡಿ ಗೀರುವಷ್ಟರಲ್ಲಿ ಕಾವಲಮ್ಮನ ಸರದಿ ಬಂದಿತು. ಆಕೆ ಪಡೆದಳು. ಮೆಲ್ಲಗೆ ಒಮ್ಮೆ ಹೇಳಿ ನೋಡಿಕೊಂಡಳು.

ಹೊನ್ನಾಜಮ್ಮ.

ಎಲ್ಲಿಯೂ ಮುಕ್ಕಾಗಿರಲಿಲ್ಲ.

ಆಮೇಲೆ ಹೊನ್ನಾಜಮ್ಮ ಅರಸನ ಬಳಿಗೆ ಬಂದು, ಸರ್ವರು ಎದ್ದಾಯಿತು, ಇನ್ನು ಬೆರಳು ತೆಗೆಯಬಹುದು, ಕಿಟಕಿಗೆ ಬಂದು ಹೆಸರು ಪಡೆಯಬಹುದು ಎಂದಳು. ಅದು ಸತ್ಯವಾಗಿತ್ತು. ಅರಸ ಆಕೆಯನ್ನು ಕೆಳಗಿನಿಂದ ಮೇಲಕ್ಕೆ ನೋಡಿದ.

“ತೆಗೆಯಬಹುದು ಎನ್ನುತ್ತೀಯಲ್ಲ, ಅದರಲ್ಲಿ ನಿನಗೇನು ಲಾಭ?”

ಅವನು ತೆಗೆಯಲಿಲ್ಲ. ತೆಗೆದರೆ ಸರ್ವರು ಮಲಗೀತು, ತನ್ನ ಹೆಸರು ಒಳಗೇ ಉಳಿದೀತು ಎಂದು ಅವನ ಅನುಮಾನ. ಕಿಟಕಿ ಇರುವುದು ಆಚೆ ಬದಿಗೆ. ಅವನದನ್ನು ಬೇರೆ ಯಾರೂ ಪಡೆಯುವಂತಿಲ್ಲ, ಕಟ್ಟಳೆ ಅವನದೇ. ಹೆಸರಿಲ್ಲದವನ ಆಜ್ಞೆ ಆಜ್ಞೆಯಲ್ಲವಾದ್ದರಿಂದ, ಮರುದಿನದಿಂದ ಯಾರೂ ಹೆಸರು ಒಪ್ಪಿಸಲು ಬರಲಿಲ್ಲ. ಡಿಸ್ಕಿನ ಹೊಟ್ಟೆಯಲ್ಲಿ ಒಂದೇ ಒಂದು ಹೆಸರು ಉಳಿಯಿತು.

ಈಗಲೂ ಹೊನ್ನಾಜಮ್ಮ ಪ್ರತಿ ಬೆಳಿಗ್ಗೆ ಸರ್ವರಿನ ಧೂಳು ಒರೆಸಿ, ಬೆರಳು ತೆಗೆಯಬಹುದು ಎಂದು ತಪ್ಪದೆ ಹೇಳುತ್ತಾಳೆ. ಅವನು ತಪ್ಪದೆ ಲಾಭ ಕೇಳುತ್ತಾನೆ. ಪಡಸಾಲೆ ಹಾದುಹೋಗುವವರು ಒಳ್ಳೆಯ ಜನ, ಬಗ್ಗಿ ನೋಡಿ, “ಏಯ್, ಊಟವಾಯಿತೇ?” ಎಂದು ವಿಚಾರಿಸುತ್ತಾರೆ.

ಇದರಿಂದ ತಿಳಿಯಬೇಕಾದ ನೀತಿ: ಉಂಗುರ ಬಿಗಿಯಾಗಿದ್ದರೆ ಸೋಪು ಹಚ್ಚಿ ತೆಗೆಯಬೇಕು.

ಹೇಳಿದವರ ಹೆಸರು ಹೇಳಿದವರ ಬಳಿ, ಕೇಳಿದವರ ಹೆಸರು ಕೇಳಿದವರ ಬಳಿ. ಏಳುವಾಗ ಒಮ್ಮೆ ನೋಡಿಕೊಂಡು ಏಳಿ.