ಬಿಡಲು ಬಾರದ ಕಣಗಳು

ಚೆನ್ನವೀರ ತನ್ನ ಗುರು ವತ್ಸಲಾ ಮೇಡಂ ಅವರ ಪ್ರಯೋಗಶಾಲೆಯಲ್ಲಿ ನಾಲ್ಕು ವರ್ಷದಿಂದ ಒಂದೇ ಕೆಲಸ ಮಾಡುತ್ತಿದ್ದ. ಕಬ್ಬಿಣದ ತುಕ್ಕಿನ ಜಾತಿಗೆ ಸೇರಿದ ಒಂದು ಕರಿ ಪುಡಿಯ ತಯಾರಿ. ಪುಡಿ ಅಂದರೆ ಬರಿಗಣ್ಣಿಗೆ ಕಾಣುವಂಥದ್ದಲ್ಲ. ಎಂಟು ಸಾವಿರ ಕಣಗಳನ್ನು ಸಾಲಾಗಿ ನಿಲ್ಲಿಸಿದರೆ ಒಂದು ತಲೆಗೂದಲಿನ ದಪ್ಪವಾದೀತು. ಆ ಕಣಗಳಿಗೆ ಔಷಧ ಲೇಪಿಸಿ ರಕ್ತಕ್ಕೆ ಬಿಡುವುದು, ಗೆಡ್ಡೆ ಇರುವಲ್ಲಿಗೆ ಹೊರಗಿನಿಂದ ಅಯಸ್ಕಾಂತ ಹಿಡಿದು ಎಳೆಯುವುದು, ಇದು ಇಬ್ಬರ ಕನಸು.

ಮೊದಲ ಪರೀಕ್ಷೆ ಬೆಳ್ಳಿಯ ಮೇಲೆ ಆಗಬೇಕಿತ್ತು. ಬೆಳ್ಳಿ ಕಿವಿಯಲ್ಲಿ ಗೆಡ್ಡೆಯಾಗಿದ್ದ ಮೊಲ. ಪ್ರಾಣಿಗಳನ್ನು ನೋಡಿಕೊಳ್ಳುವ ಫಕೀರಪ್ಪ ಅದಕ್ಕೆ ದಿನವೂ ಮನೆಯಿಂದ ಗಜ್ಜರಿ ಸೊಪ್ಪು ತರುತ್ತಿದ್ದ. ಔಷಧ ಬಂದರೆ ಬೆಳ್ಳಿ ಬದುಕುತ್ತದೆ ಎಂದು ನಂಬಿದ್ದ.

ಆದರೆ ಕಣಗಳು ಶುದ್ಧ ಸೋಮಾರಿಗಳು. ಅವನ್ನು ನೀರಿನಲ್ಲಿ ಬೆರೆಸಿಟ್ಟ ಶೀಶೆಯ ಪಕ್ಕ ಅಯಸ್ಕಾಂತ ಇಟ್ಟರೆ ಬಂದು ಸೇರಲು ಅರ್ಧ ದಿನ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬ ಮಾತು ಚೆನ್ನವೀರನಿಗೆ ಬಾಯಿಪಾಠವಿತ್ತು, ಮನಸ್ಸಿಗೆ ಇಳಿದಿರಲಿಲ್ಲ. ಮೇಡಂ ಪರಸ್ಥಳಕ್ಕೆ ಹೋದ ವಾರ ಅವನು ಕಣಗಳನ್ನು ನಾಲ್ಕು ಪಟ್ಟು ದೊಡ್ಡದಾಗಿ ಬೆಳೆಸಿದ. ಅಯಸ್ಕಾಂತ ಹತ್ತಿರ ತಂದದ್ದೇ ತಡ, ಕರಿ ಪುಡಿಯೆಲ್ಲ ಗಾಜಿಗೆ ಹೋಗಿ ಅಂಟಿತು. ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು.

ಮೇಡಂ ಹಾಕಿಕೊಟ್ಟ ಪದ್ಧತಿಯೊಂದಿತ್ತು. ಅಯಸ್ಕಾಂತ ತೆಗೆದ ಮೇಲೆ ಶೀಶೆಯನ್ನು ಮರುದಿನದವರೆಗೆ ಹಾಗೇ ಬಿಡಬೇಕು. ಕಣಗಳು ಚದುರಿ ನೀರು ಮತ್ತೆ ಶಾಯಿಯಂತೆ ಒಂದೇ ಸಮ ಕಪ್ಪಾದರೆ ಮಾತ್ರ ಪ್ರಾಣಿಗೆ ಕೊಡಬೇಕು. ಇದು ಅವನಿಗೆ ನೆನಪಾಗಲಿಲ್ಲ ಎಂದರೆ ಸುಳ್ಳು. ನೆನಪಾಯಿತು, ಬೇಡವಾಯಿತು.

ಅಂದೇ ಬೆಳಿಗ್ಗೆ ಬೆಳ್ಳಿಗೆ ಸೂಜಿ ಚುಚ್ಚಿದ. ಕಿವಿಗೆ ಕಟ್ಟಿದ ಅಯಸ್ಕಾಂತವನ್ನು ಒಂದು ಗಂಟೆಯ ಮೇಲೆ ತೆಗೆದ. ಮಧ್ಯಾಹ್ನದ ಹೊತ್ತಿಗೆ ಮೊಲ ಉಸಿರಿಗೆ ಒದ್ದಾಡತೊಡಗಿತು. ಫಕೀರಪ್ಪನ ತೊಡೆಯ ಮೇಲೆಯೇ ಸತ್ತಿತು.

ಮರುದಿನ ಮೇಡಂ ಬಂದು ಶೀಶೆ ಎತ್ತಿ ನೋಡಿದರು. ತಳದಲ್ಲಿ ಕರಿ ಗಂಟು, ಮೇಲೆ ತಿಳಿನೀರು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನವೀರನಿಗೆ ಹಗುರಾಗುತ್ತಿತ್ತು. ಅಯಸ್ಕಾಂತ ಸರಿದ ಕೂಡಲೇ ಸಣ್ಣ ಕಣ ಅದರ ಗುಂಗು ಮರೆತು ಬಿಡಿಯಾಗುತ್ತದೆ ಎಂದರು. ದೊಡ್ಡದು ಮರೆಯುವುದಿಲ್ಲ, ತಾನೇ ಒಂದು ಪುಟ್ಟ ಅಯಸ್ಕಾಂತವಾಗಿ ಉಳಿದು ಪಕ್ಕದ್ದನ್ನು ಹಿಡಿಯುತ್ತದೆ, ಅದು ಇನ್ನೊಂದನ್ನು. ಆ ಗಂಟೇ ಬೆಳ್ಳಿಯ ಶ್ವಾಸಕೋಶದ ರಕ್ತನಾಳಗಳನ್ನು ಮುಚ್ಚಿತ್ತು.

ಬಾಗಿಲಲ್ಲಿ ನಿಂತಿದ್ದ ಫಕೀರಪ್ಪನಿಗೆ ಇದೆಲ್ಲ ಪೂರ್ತಿ ತಿಳಿಯಲಿಲ್ಲ.

"ಸರ, ಹಿಡಿತೈತಿ ಹಿಡಿತೈತಿ ಅಂತ ಅಷ್ಟು ಖುಷಿಪಟ್ರಿ," ಎಂದ. "ಬಿಡ್ತೈತೇನು ಅಂತ ಒಂದ್ಸಲ ನೋಡಬಾರದಿತ್ತೇನ್ರಿ?"

ಫಕೀರಪ್ಪ ರೂಢಿಯಂತೆ ಅಂದೂ ಸೊಪ್ಪು ತಂದಿದ್ದ. ಅದನ್ನು ಖಾಲಿ ಪಂಜರದ ಮೇಲಿಟ್ಟು ಹೊರಟುಹೋದ.

ನೀತಿ: ಹಿಡಿಯುವ ಬಲವನ್ನು ಮೆಚ್ಚುವ ಮೊದಲು ಬಿಡುವ ಗುಣ ಇದೆಯೇ ಎಂದು ನೋಡಬೇಕು. ನೋಡದೆ ಅವಸರ ಮಾಡಿದವನ ತಪ್ಪಿಗೆ ಜೀವ ತೆರುವುದು ಬಾಯಿಲ್ಲದ ಪ್ರಾಣಿ.