ಹೆಗ್ಗಣ ತೋಡಿದ ಸುರಂಗ

ಕಾಡಿನ ದಾರಿಗಳ ಉಸ್ತುವಾರಿ ಹೊತ್ತಿದ್ದ ಮುದಿ ಮುಳ್ಳುಹಂದಿಯ ಬಳಿಗೆ ಎಳೆಯ ಹೆಗ್ಗಣವೊಂದು ಕೆಲಸ ಕೇಳಿಕೊಂಡು ಬಂತು.

“ನೀರಿರುವುದು ಗುಡ್ಡದ ಆಚೆಗೆ. ಸುತ್ತಿ ಬಳಸಿ ಹೋಗಿ ಎಲ್ಲರೂ ಸೊರಗಿದ್ದಾರೆ. ಒಂದು ಸುರಂಗ ತೋಡು, ನೋಡೋಣ” ಎಂದಿತು ಮುಳ್ಳುಹಂದಿ.

ಸಂಜೆಯೊಳಗೆ ಹೆಗ್ಗಣ ಸುರಂಗ ಮುಗಿಸಿ, ಮೀಸೆ ತಿರುವಿ, “ದಯಮಾಡಿಸಿ, ಸ್ವಾಮಿ” ಎಂದಿತು. ಒಳಹೊಕ್ಕ ಮುಳ್ಳುಹಂದಿ ಸುರಂಗದ ಬಾಯಲ್ಲೇ ಸಿಕ್ಕಿಕೊಂಡಿತು.

“ಯಾರ ಅಳತೆಗೆ ತೋಡಿದೆಯಪ್ಪಾ?”

“ನನ್ನ ಅಳತೆಗೇ, ಸ್ವಾಮಿ. ಸಲೀಸಾಗಿ ಓಡಾಡಿ ನೋಡಿದ್ದೇನೆ!”

“ಹಾಗಾದರೆ ಇದು ದಾರಿಯಲ್ಲ, ನಿನ್ನ ಬಿಲ. ಮೊದಲು ನನ್ನನ್ನು ಹೊರಗೆಳೆ.”

ನಾಚಿದ ಹೆಗ್ಗಣ ಅದರ ಕಾಲು ಹಿಡಿದು ಎಳೆಯಿತು. ಮೂತಿಯ ತುಂಬ ಮುಳ್ಳು ಚುಚ್ಚಿಸಿಕೊಂಡಿತು.

ಮಾರನೆಯ ದಿನ ಅದು ಮಣ್ಣು ಮುಟ್ಟಲಿಲ್ಲ. ಉದ್ದನೆಯ ಬಳ್ಳಿಯೊಂದನ್ನು ಹೆಗಲಿಗೇರಿಸಿ, ಆನೆಯ ಹೊಟ್ಟೆಯ ಸುತ್ತಳತೆ ತರಲು ಹೊರಟಿತು.