ಜಟ್ಟಿಯ ಪ್ರೀತಿ, ನಾಯಕರ ಕತ್ತು

"ನನ್ನ ಸೀಮೆಯಲ್ಲಿ ಹೆಂಗಸರು ಬಾಗಿಲು ತೆರೆದಿಟ್ಟು ಮಲಗುತ್ತಾರೆ" ಎಂದು ಕಲ್ಲದುರ್ಗದ ವೀರಧವಳ ನಾಯಕ ಬಂದವರ ಮುಂದೆಲ್ಲ ಜಂಬ ಕೊಚ್ಚಿಕೊಳ್ಳುತ್ತಿದ್ದ. ಕಂಬಳಿ ನೇಯುವ ದೇವೀರಮ್ಮನ ಬಾಗಿಲೂ ತೆರೆದೇ ಇತ್ತು, ಸುಳ್ಳಲ್ಲ. ಅಗುಳಿ ಮುರಿದಿತ್ತು, ಅಷ್ಟೇ.

ಮುರಿದವನು ಅವಳು ಬಿಟ್ಟುಬಂದ ಗಂಡ, ಅರಮನೆಯ ಜಟ್ಟಿ ಚೌಡಪ್ಪ. ಅವಳು ನ್ಯಾಯ ಕೇಳಲು ಹೋದದ್ದು ಒಂದು ಶನಿವಾರ ಬೆಳಿಗ್ಗೆ. ಶನಿವಾರ ನಾಯಕನಿಗೆ ಎಣ್ಣೆಸ್ನಾನ. ಪ್ರಜೆಗಳ ಕಷ್ಟಕ್ಕೆಂದು ಬೇರೆ ಹೊತ್ತು ಹಾಳುಮಾಡುವಷ್ಟು ಅವಿವೇಕಿ ಅವನಲ್ಲ. ಮಣೆಯ ಮೇಲೆ ಕೂತು ತಲೆಗೆ ಎಣ್ಣೆ ತಟ್ಟಿಸಿಕೊಳ್ಳುತ್ತಲೇ ದೂರು ಕೇಳುತ್ತಿದ್ದ. ತಟ್ಟುತ್ತಿದ್ದವನ ಮುಖ ಕಂಡದ್ದೇ ದೇವೀರಮ್ಮ ನಿಂತಲ್ಲೇ ನಿಂತಳು. ಅವನು ಚೌಡಪ್ಪನೇ.

ಹೆದರಿಕೆಯಾದರೂ ಅವಳು ಹೇಳಿದಳು. "ಬುದ್ಧಿ, ಕುಲದ ಹಿರಿಯರ ಮುಂದೆ ತಾಳಿ ಹಿಂದಕ್ಕೆ ಕೊಟ್ಟು ಎರಡು ವರ್ಷ ಆಯ್ತು. ಇವನು ಬಿಡ್ತಾ ಇಲ್ಲ. ಮಗ್ಗದ ನೂಲು ಕೊಯ್ದ. ಮೊನ್ನೆ ಕತ್ತು ಹಿಸುಕಿದ. ಇನ್ನೊಂದು ಸಲ ಬಂದ್ರೆ ನಾನು ಉಳಿಯಾಕಿಲ್ಲ. ನನ್ನ ಬೀದಿಗೆ ಕಾಲಿಡಬಾರದು ಅಂತ ಒಂದು ಅಪ್ಪಣೆ ಕೊಡಿ."

ನಾಯಕ ಕಣ್ಣು ತೆರೆಯಲಿಲ್ಲ. "ಈ ಕೈಯೇ? ಹೂವಿನಂಥ ಕೈಯಮ್ಮ ಇದು. ಏನೋ ಚೌಡಪ್ಪ?"

"ಪ್ರೀತಿ, ಪ್ರಭು" ಎಂದ ಚೌಡಪ್ಪ, ನಾಯಕನ ಕತ್ತಿಗೆ ಎಣ್ಣೆ ಸವರುತ್ತ. "ನಮ್ಮವರು ಅನ್ನೋ ಪ್ರೀತಿ ಇದ್ರೆ ತಾನೇ ಕೈ ಏಳೋದು? ಬೇರೆಯವರ ಮೇಲೆ ಯಾಕೆ ಎತ್ತಲಿ?"

"ಕೇಳಿದೆಯಾ? ಪ್ರೀತಿಗೆ ಶಿಕ್ಷೆ ಕೊಡುವ ಕಾನೂನು ನನ್ನಲ್ಲಿಲ್ಲ" ಎಂದ ನಾಯಕ. "ಅದು ಪ್ರೀತಿಯಲ್ಲವೆಂದು ಸಾಕ್ಷಿ ಸಮೇತ ಸಾಬೀತು ಮಾಡು. ಆಮೇಲೆ ಅಪ್ಪಣೆ."

ನಾಲ್ಕು ಗೋಡೆಗಳೊಳಗೆ ಬಿದ್ದ ಏಟಿಗೆ ಸಾಕ್ಷಿ ಎಲ್ಲಿಂದ ತರುವುದು? ದೇವೀರಮ್ಮ ಕತ್ತಿನ ಮೇಲಿನ ಸೆರಗು ಸರಿಸಿ ತೋರಿಸಿದಳು. ನೋಡಬೇಕಾದವನ ಕಣ್ಣು ಮುಚ್ಚಿಯೇ ಇತ್ತು.

ಕಂಬಕ್ಕೊರಗಿ ಎಲೆಯಡಿಕೆ ಜಗಿಯುತ್ತಿದ್ದ ಆಸ್ಥಾನದ ಮಾತುಗಾರ ಹಂಪಯ್ಯ ಮಾತ್ರ ಅದನ್ನು ನೋಡಿದ. ಮುಂದೆ ಬಂದು, "ಪ್ರೀತಿಯೇ ಇರಬೇಕು ಪ್ರಭು, ಅನುಮಾನವೇ ಬೇಡ" ಎಂದ. ಇವನೂ ಅವರ ಕಡೆಯವನೇ ಎಂದು ದೇವೀರಮ್ಮನಿಗೆ ಅಳು ಬಂತು.

"ಚೌಡಪ್ಪನವರೇ, ಪ್ರಭುಗಳೆಂದರೂ ನಿಮಗೆ ಪ್ರೀತಿಯೋ?" ಎಂದು ಹಂಪಯ್ಯ ಕೇಳಿದ.

"ಏನು ಹಾಗಂದ್ರೆ? ಪ್ರಾಣಾನೇ."

"ಈಯಮ್ಮನಿಗಿಂತ ಹೆಚ್ಚೋ?"

"ಇವಳೆಲ್ಲಿ, ಪ್ರಭುಗಳೆಲ್ಲಿ? ಸಾವಿರ ಪಾಲು ಹೆಚ್ಚು."

ಹಂಪಯ್ಯ ಲೆಕ್ಕ ಹಾಕುವವನಂತೆ ಗಲ್ಲ ಕೆರೆದುಕೊಂಡ. "ಒಂದು ಪಾಲು ಪ್ರೀತಿಗೆ ಅವಳ ಕತ್ತು ನೀಲಿಯಾಗಿದೆ. ಸಾವಿರ ಪಾಲು ಪ್ರೀತಿಯ ಕತ್ತು ಈಗ ನಿಮ್ಮ ಕೈಯಲ್ಲಿದೆ. ಸ್ವಲ್ಪ ಮೆಲ್ಲಗೆ ಒತ್ತಿ."

ನಾಯಕನ ಕಣ್ಣು ತೆರೆಯಿತು. ಮೊದಲ ಬಾರಿಗೆ ದೇವೀರಮ್ಮನ ಕತ್ತು ಕಂಡಿತು. ಮರುಕ್ಷಣ ಅವನು ಮಣೆಯಿಂದೆದ್ದು, ಎಣ್ಣೆ ಬಟ್ಟಲನ್ನು ಒದ್ದುಕೊಂಡು, ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ. "ಯಾರಲ್ಲಿ? ಇವನನ್ನು ನನ್ನಿಂದ ನೂರು ಮಾರು ದೂರ ಇಡಿ."

"ಅಯ್ಯೋ, ಪಾಪ, ಯಾಕೆ ಪ್ರಭು?" ಹಂಪಯ್ಯ ಕೈ ಮುಗಿದ. "ಅವನು ನಿಮಗೆ ಒಂದು ಪೆಟ್ಟೂ ಹಾಕಿಲ್ಲ. ಸಾಕ್ಷಿ ಎಲ್ಲಿದೆ?"

"ಸತ್ತ ಮೇಲೆ ಸಾಕ್ಷಿ ತಗೊಂಡು ಏನು ಮಾಡಲಯ್ಯ? ನನಗೆ ಭಯವಾಗುತ್ತಿದೆ. ಅಷ್ಟು ಸಾಲದೇ?"

"ಧಾರಾಳವಾಗಿ ಸಾಕು ಪ್ರಭು. ಈಯಮ್ಮನೂ ಬೆಳಗಿನಿಂದ ಹೇಳುತ್ತಿರುವುದು ಅಷ್ಟನ್ನೇ. ವ್ಯತ್ಯಾಸವೆಂದರೆ, ಕೂಗಿ ಕರೆಯಲು ನಿಮಗೆ ಇನ್ನೂರು ಭಟರಿದ್ದಾರೆ. ಅವಳಿಗಿದ್ದದ್ದು ಒಂದು ಅಗುಳಿ."

ಎಣ್ಣೆ ಸುರಿಯುವ ತಲೆಯನ್ನು ನಾಯಕ ತಗ್ಗಿಸಿದ. ಅಲ್ಲೇ ಅಪ್ಪಣೆಯಾಯಿತು. ಚೌಡಪ್ಪ ನೇಕಾರರ ಬೀದಿಗೆ ಕಾಲಿಟ್ಟರೆ ಸೆರೆಮನೆ. ಅವಳ ಬಾಗಿಲಿಗೆ ಇಬ್ಬರು ಕಾವಲು, ಅರಮನೆಯ ಕಮ್ಮಾರನಿಂದ ಕಬ್ಬಿಣದ ಅಗುಳಿ. ಭಟರು ಅವನನ್ನು ಎಳೆದೊಯ್ಯುವುದನ್ನು ದೇವೀರಮ್ಮ ಕಣ್ಣು ತುಂಬ ನೋಡಿದಳು.

"ಅದಿರಲಿ, ನನ್ನ ತಲೆಯ ಗತಿ?" ಎಂದ ನಾಯಕ, ಎಣ್ಣೆ ಅರ್ಧಕ್ಕೆ ನಿಂತ ತಲೆ ಮುಟ್ಟಿಕೊಂಡು. "ಇನ್ನು ಯಾರಯ್ಯ ತಟ್ಟೋರು?"

"ಚಿಂತೆ ಬೇಡ. ಪ್ರಭುಗಳ ಮೇಲೆ ಒಂದಿಷ್ಟೂ ಪ್ರೀತಿಯಿಲ್ಲದವರನ್ನೇ ಹುಡುಕಿ ಕಳಿಸುತ್ತೇನೆ" ಎಂದ ಹಂಪಯ್ಯ. "ಬಹಳ ದೂರ ಹೋಗಬೇಕಾಗಿಲ್ಲ."